ಸಿಹಿಗುಂಬಳಕ್ಕೆ ಹುಳಿ ಮಣ್ಣು: ಅಳೆಯುವುದು ಹೇಗೆ, ಸುಣ್ಣ ಎಷ್ಟು?

ಮಳೆಗಾಲ ಹತ್ತಿರ ಬಂತೆಂದರೆ ಮಲೆನಾಡು, ಕರಾವಳಿಯ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: "ಸಿಹಿಗುಂಬಳದ ಗುಂಡಿಗೆ ಎಷ್ಟು ಹಿಡಿ ಸುಣ್ಣ ಹಾಕಲಿ?" ಹಿಡಿಯ ಲೆಕ್ಕದಲ್ಲಿ ಇದಕ್ಕೆ ಉತ್ತರವಿಲ್ಲ. ಮಣ್ಣು ಹುಳಿಯೋ ಅಲ್ಲವೋ ಎಂಬುದನ್ನು ಪರೀಕ್ಷೆ ಹೇಳುತ್ತದೆ. ಎಷ್ಟು ಸುಣ್ಣ ಬೇಕೆಂಬುದನ್ನು ಮಣ್ಣಿನ ಜಾತಿ ಹೇಳುತ್ತದೆ. ಮೊದಲನೆಯದನ್ನು ಮಾತ್ರ ತಿಳಿದುಕೊಂಡು ಎರಡನೆಯದನ್ನು ಊಹೆಗೆ ಬಿಡುವುದರಿಂದಲೇ ಹೆಚ್ಚಿನ ಎಡವಟ್ಟುಗಳು ಆಗುತ್ತವೆ.

ಇಲ್ಲಿ ಹೇಳಿರುವುದು ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು, ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡದ ಕೆಂಪು ಮತ್ತು ಜಂಬಿಟ್ಟಿಗೆ ಮಣ್ಣಿನ ತೋಟಗಳಿಗೆ. ಕರಾವಳಿಯವರ ಚೀನಿಕಾಯಿಗೂ, ಘಟ್ಟದ ಮೇಲಿನವರ ಸಿಹಿಗುಂಬಳಕ್ಕೂ ಲೆಕ್ಕ ಒಂದೇ, ಗಿಡವೂ ಒಂದೇ. ಬೂದುಗುಂಬಳ, ಮೊಗೆ, ಸೌತೆಗೂ ಹೆಚ್ಚು ಬದಲಾವಣೆ ಬೇಕಿಲ್ಲ.

ರಸಸಾರ ಎಂದರೇನು, ಬಳ್ಳಿಗೆ ಅದರಿಂದೇನು?

ಮಣ್ಣಿನ ಹುಳಿಯನ್ನು ಅಳೆಯುವ ಸಂಖ್ಯೆಗೆ ರಸಸಾರ ಅಥವಾ ಪಿಎಚ್ ಎನ್ನುತ್ತಾರೆ. 7 ಅಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಅದಕ್ಕಿಂತ ಕೆಳಗೆ ಹೋದಷ್ಟೂ ಹುಳಿ, ಮೇಲೆ ಹೋದಷ್ಟೂ ಕ್ಷಾರ ಅಥವಾ ಚೌಳು. ಒಂದೊಂದು ಅಂಕಿಗೂ ಹತ್ತು ಪಟ್ಟು ವ್ಯತ್ಯಾಸವಿದೆ: 5 ತೋರಿಸುವ ಮಣ್ಣು 6 ತೋರಿಸುವ ಮಣ್ಣಿಗಿಂತ ಹತ್ತು ಪಟ್ಟು ಹುಳಿ. ಹಾಗಾಗಿ "ಅರ್ಧ ಅಂಕಿ ತಾನೇ" ಎಂದು ತಳ್ಳಿಹಾಕುವಂತಿಲ್ಲ.

ಕುಂಬಳಕ್ಕೆ 6.0ರಿಂದ 6.8 ಹಿತ. ಆಗುಂಬೆಯಂತೆ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಸುರಿಯುವ ಕಡೆಗಳಲ್ಲಿ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ನೀರಿನ ಜೊತೆ ಬಸಿದು ಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿದುಕೊಳ್ಳುತ್ತವೆ. ರಸಸಾರ 5.5ಕ್ಕಿಂತ ಇಳಿದಾಗ ಈ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನೇ ಮೊಂಡು ಮಾಡುತ್ತದೆ. ಬೇರು ಮೊಂಡಾದ ಬಳ್ಳಿಗೆ ನಾಲ್ಕು ದಿನ ಮಳೆ ಬಿಟ್ಟರೂ ಬಾಡುವ ಚಾಳಿ. ಕೊಟ್ಟ ರಂಜಕವನ್ನು, ಅಂದರೆ ಬೇರು ಮತ್ತು ಹೂವಿಗೆ ಬೇಕಾದ ಫಾಸ್ಫರಸ್ಸನ್ನು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಹಿಡಿದಿಟ್ಟುಕೊಂಡು ಗಿಡಕ್ಕೆ ಬಿಡುವುದಿಲ್ಲ. ಗೊಬ್ಬರ ಹಾಕಿದರೂ ಬಳ್ಳಿ ಏಳಲಿಲ್ಲ ಎಂಬ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ನಿಂಬೆ ಗಾತ್ರದ ಪೀಚು ಹಳದಿಯಾಗಿ ಉದುರಿದರೆ ಅದು ಬಹುತೇಕ ಪರಾಗಸ್ಪರ್ಶದ ತೊಂದರೆ, ಹುಳಿ ಮಣ್ಣಿನದಲ್ಲ. ಅದಕ್ಕೆ ಸುಣ್ಣ ಸುರಿದು ಪ್ರಯೋಜನವಿಲ್ಲ. ಬೆಳಗ್ಗೆ ಹೂ ಅರಳಿದ ಹೊತ್ತಿಗೆ ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿಗೆ ಮುಟ್ಟಿಸಿ.

ಬೇಕಾಗುವ ಸಾಮಾನು

ಗುದ್ದಲಿ ಅಥವಾ ಪಿಕಾಸಿ, ಪ್ಲಾಸ್ಟಿಕ್ ಬಕೆಟ್, ಹಳೆಯ ದಿನಪತ್ರಿಕೆ, 2 ಮಿ.ಮೀ. ರಂಧ್ರದ ಜರಡಿ, ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ, ಎರಡು ಗಾಜಿನ ಲೋಟ, ಡಿಸ್ಟಿಲ್ಡ್ ವಾಟರ್. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಆಗುತ್ತದೆ, ಆದರೆ ಕೇಳಿ ತನ್ನಿ. ಅದೇ ಕಪಾಟಿನಲ್ಲಿ ಬ್ಯಾಟರಿ ಆ್ಯಸಿಡ್ ಕೂಡ ಇರುತ್ತದೆ. ಮನೆಯಲ್ಲೇ ಅಳೆಯುವುದಾದರೆ ಪೆನ್ನಿನಂಥ ಪಿಎಚ್ ಮೀಟರ್, ಅದರ ಜೊತೆ ಬರುವ ಬಫರ್ ಪುಡಿಗಳು. ಬಫರ್ ಎಂದರೆ ರಸಸಾರ ಇಷ್ಟೇ ಎಂದು ಮೊದಲೇ ಗೊತ್ತಿರುವ ದ್ರಾವಣ. ಮೀಟರ್ ಸರಿಯಾಗಿ ತೋರಿಸುತ್ತಿದೆಯೇ ಎಂದು ನೋಡಲು ಇಟ್ಟ ತೂಕದ ಬಟ್ಟಿನಂತೆ.

ಹಂತ 1: ಮಣ್ಣಿನ ಮಾದರಿ ತೆಗೆಯುವುದು

ಪರೀಕ್ಷೆ ತಪ್ಪುವುದು ಬಹುಪಾಲು ಇಲ್ಲೇ, ಲೋಟದಲ್ಲಲ್ಲ. ಒಂದೇ ಜಾಗದ ಮಣ್ಣನ್ನು ತಂದು "ನಮ್ಮ ತೋಟದ ಮಣ್ಣು" ಎನ್ನುವಂತಿಲ್ಲ.

ಬಳ್ಳಿ ಹಬ್ಬುವ ಜಾಗದಲ್ಲಿ ಅಂಕುಡೊಂಕಾಗಿ ನಡೆಯುತ್ತ 8–10 ಕಡೆ ಗುರುತು ಮಾಡಿ. ಮೇಲಿನ ದರಗು, ಕಸ, ಹುಲ್ಲನ್ನು ಸರಿಸಿ. 'ವಿ' ಆಕಾರದಲ್ಲಿ 15 ಸೆಂ.ಮೀ. ಆಳಕ್ಕೆ ಕಡಿದು, ಒಂದು ಬದಿಯಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪದ ಹೋಳನ್ನು ಕೆತ್ತಿ ಬಕೆಟ್ಟಿಗೆ ಹಾಕಿ. ತುಕ್ಕು ಹಿಡಿದ ಸಲಕರಣೆ, ಗೊಬ್ಬರ ಹೊತ್ತ ಬುಟ್ಟಿ ಬೇಡ.

ಎಲ್ಲ ಮಣ್ಣನ್ನೂ ಕಾಗದದ ಮೇಲೆ ಸುರಿದು ಕಲಸಿ, ದುಂಡಗೆ ಹರಡಿ, ನಾಲ್ಕು ಪಾಲು ಮಾಡಿ. ಎದುರುಬದುರಿನ ಎರಡು ಪಾಲನ್ನು ಬಿಸಾಕಿ. ಉಳಿದದ್ದನ್ನು ಮತ್ತೆ ಕಲಸಿ ಹೀಗೆಯೇ ಮಾಡುತ್ತ ಅರ್ಧ ಕಿಲೋಗೆ ಇಳಿಸಿ. ನೆರಳಿನಲ್ಲಿ ಒಣಗಿಸಿ, ಹೆಂಟೆಯನ್ನು ಮರದ ತುಂಡಿನಿಂದ ಪುಡಿಮಾಡಿ, ಜರಡಿ ಹಿಡಿಯಿರಿ. ಜರಡಿಯ ಮೇಲೆ ಉಳಿದ ಜಲ್ಲಿಕಲ್ಲನ್ನು ಎಸೆಯಬೇಡಿ. ಒಟ್ಟು ಮಣ್ಣಿನ ತೂಕದಲ್ಲಿ ಅದು ಎಷ್ಟು ಪಾಲು ಎಂದು ತೂಗಿ ಬರೆದಿಡಿ. ಹಂತ 5ರಲ್ಲಿ ಬೇಕಾಗುತ್ತದೆ.

ಮಾದರಿ ತೆಗೆಯಬಾರದ ಜಾಗಗಳಿವೆ: ಗೊಬ್ಬರದ ಗುಂಡಿಯ ಬದಿ, ಬೇಲಿ ಮತ್ತು ಬದುವಿನ ಅಂಚು, ದೊಡ್ಡ ಮರದ ಬುಡ, ಬಚ್ಚಲ ನೀರು ಹರಿಯುವ ದಾರಿ, ಸುಡುಮಣ್ಣು ಅಥವಾ ಬೂದಿ ಸುರಿದ ಜಾಗ. ಸುಣ್ಣ, ರಾಸಾಯನಿಕ ಗೊಬ್ಬರ ಹಾಕಿ ಮೂರು ತಿಂಗಳಾಗದ ಮಣ್ಣಿನ ಪರೀಕ್ಷೆಯೂ ದಾರಿ ತಪ್ಪಿಸುತ್ತದೆ. ಇಳಿಜಾರಿನ ಮೇಲಿನ ಮಣ್ಣು ಮತ್ತು ತಗ್ಗಿನ ಮಣ್ಣಿನ ಬಣ್ಣ ಬೇರೆಯಿದ್ದರೆ ಎರಡು ಮಾದರಿ ಮಾಡಿ, ಕಲಸಬೇಡಿ.

ಭತ್ತದ ಗದ್ದೆಯಲ್ಲಿ ಕೊಯ್ಲಿನ ನಂತರ ಚೀನಿಕಾಯಿ ಹಾಕುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ನೀರು ನಿಂತ ಗದ್ದೆಯಲ್ಲಿ ಗಾಳಿ ಆಡದೆ ಹುಳಿ ಮಣ್ಣಿನ ರಸಸಾರ ತಾನಾಗಿ ಏರಿ 6.5ರ ಸಮೀಪಕ್ಕೆ ಬಂದಿರುತ್ತದೆ. ಕೆಸರಿನ ಮಣ್ಣನ್ನು ಆಗಲೇ ಅಳೆದು "ನಮ್ಮ ಗದ್ದೆಗೆ ಸುಣ್ಣವೇ ಬೇಡ" ಎಂದು ತೀರ್ಮಾನಿಸಿಬಿಡುತ್ತಾರೆ. ನೀರು ಬಸಿದು ಮಣ್ಣು ಒಣಗಿದ ಮೇಲೆ ಅದು ಮತ್ತೆ ತನ್ನ ಹಳೆಯ ಹುಳಿಗೆ ಇಳಿಯುತ್ತದೆ, ಅಷ್ಟರಲ್ಲಿ ಬಳ್ಳಿಗೆ ನಾಲ್ಕು ಎಲೆ ಬಂದಿರುತ್ತದೆ. ಗದ್ದೆಯ ಮಣ್ಣನ್ನು ಪೂರ್ತಿ ಒಣಗಿಸಿಯೇ ಅಳೆಯಿರಿ.

ಹಂತ 2: ಅಳೆಯುವುದು

ಕೈಲಾಗುವುದಾದರೆ ಮೊದಲ ಸಲ ಪ್ರಯೋಗಾಲಯಕ್ಕೇ ಕೊಡಿ. ಬ್ರಹ್ಮಾವರ, ಮಂಗಳೂರು, ಶಿರಸಿ, ಮೂಡಿಗೆರೆ, ಗೋಣಿಕೊಪ್ಪಲಿನಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿದರೂ ಮಾದರಿಯನ್ನು ಎಲ್ಲಿಗೆ ಕೊಡಬೇಕೆಂದು ಹೇಳುತ್ತಾರೆ. ಕೊಡುವಾಗ ರಸಸಾರ ಮಾತ್ರವಲ್ಲ, "ಸುಣ್ಣದ ಅಗತ್ಯ"ವನ್ನೂ ಅಳೆದುಕೊಡಿ ಎಂದು ಕೇಳಿ. ಇದು ಬೇರೆಯದೇ ಪರೀಕ್ಷೆ: ಮಣ್ಣಿಗೆ ಒಂದು ಬಫರ್ ದ್ರಾವಣ ಬೆರೆಸಿ, ಮಣ್ಣು ಅದನ್ನು ಎಷ್ಟು ಕೆಳಗೆ ಎಳೆಯಿತು ಎಂದು ನೋಡಿ, ಎಕರೆಗೆ ಎಷ್ಟು ಸುಣ್ಣ ಎಂದು ಲೆಕ್ಕ ಹಾಕುತ್ತಾರೆ. ಕೇಳದಿದ್ದರೆ ಇದನ್ನು ಮಾಡದಿರಬಹುದು. ಈ ಅಂಕಿ ಕೈಯಲ್ಲಿದ್ದರೆ ಮುಂದಿನ ಊಹೆಯ ಲೆಕ್ಕವೇ ಬೇಡ.

ಮನೆಯಲ್ಲಿ ಅಳೆಯುವ ಕ್ರಮ ಹೀಗೆ:

1. ಮೀಟರಿನ ಜೊತೆ ಸಾಮಾನ್ಯವಾಗಿ 4.00, 6.86, 9.18 ಎಂದು ಬರೆದ ಪುಡಿ ಪೊಟ್ಟಣಗಳಿರುತ್ತವೆ. ಪೊಟ್ಟಣದ ಮೇಲೆ ಹೇಳಿದಷ್ಟು (ಹೆಚ್ಚಾಗಿ 250 ಮಿ.ಲೀ.) ಡಿಸ್ಟಿಲ್ಡ್ ವಾಟರಿನಲ್ಲಿ ಕರಗಿಸಿ. ಹುಳಿ ಮಣ್ಣಿಗೆ ಮೊದಲೆರಡು ಸಾಕು. ಮೊದಲು 6.86ರಲ್ಲಿ, ಆಮೇಲೆ 4.00ರಲ್ಲಿ ಮೀಟರನ್ನು ಹೊಂದಿಸಿ.

2. ಒಣಗಿಸಿ ಜರಡಿ ಹಿಡಿದ ಮಣ್ಣು 20 ಗ್ರಾಂ, ಡಿಸ್ಟಿಲ್ಡ್ ವಾಟರ್ 50 ಮಿ.ಲೀ. ನಮ್ಮ ಪ್ರಯೋಗಾಲಯಗಳು ಬಳಸುವ ಒಂದಕ್ಕೆ ಎರಡೂವರೆಯ ಪ್ರಮಾಣ ಇದೇ. ಅಳತೆ ಬದಲಿಸಿದರೆ ನಿಮ್ಮ ಅಂಕಿಯನ್ನು ಲ್ಯಾಬಿನ ಅಂಕಿಗೆ ಹೋಲಿಸಲಾಗದು.

3. ಅರ್ಧ ಗಂಟೆ ಬಿಡಿ, ನಡುನಡುವೆ ಕಲಕುತ್ತಿರಿ. ಕೊನೆಯ ಸಲ ಕಲಕಿದ ಕೂಡಲೇ ಮೀಟರಿನ ತುದಿಯನ್ನು ರಾಡಿಯಲ್ಲಿ ಅದ್ದಿ, ಅಂಕಿ ನಿಲ್ಲುವವರೆಗೆ ಕಾಯಿರಿ.

4. ತುದಿಯನ್ನು ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು, ಅದೇ ಮಾದರಿಯ ಇನ್ನೆರಡು ಲೋಟ ಮಾಡಿ ಅಳೆಯಿರಿ. ಮೂರೂ 0.2ರ ಒಳಗೆ ಹೊಂದಿದರೆ ನಂಬಬಹುದು.

ಬಾವಿ ನೀರು, ಬೋರ್‌ವೆಲ್ ನೀರು ಇಲ್ಲಿ ನಡೆಯದು. ಬೋರಿನ ಗಡಸು ನೀರಿನಲ್ಲಿ ಕರಗಿರುವ ಸುಣ್ಣದಂಶವೇ ಅಂಕಿಯನ್ನು ಮೇಲಕ್ಕೆತ್ತುತ್ತದೆ. ಡಿಸ್ಟಿಲ್ಡ್ ವಾಟರಿಗೇ ಮೀಟರ್ ಅದ್ದಿ 5.6 ಬಂತೆಂದು ಗಾಬರಿಯಾಗಬೇಡಿ. ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿ ಹಾಗಾಗುತ್ತದೆ, ಮಣ್ಣಿನ ಅಂಕಿಗೆ ಅದರಿಂದ ತೊಂದರೆಯಿಲ್ಲ. ಮೀಟರಿನ ತುದಿ ಒಣಗಿದರೆ ಕೆಟ್ಟಿತು. ಮುಚ್ಚಳದಲ್ಲಿ 4.00ರ ಬಫರ್ ಒಂದೆರಡು ಹನಿ ಬಿಟ್ಟು ಮುಚ್ಚಿಡಿ, ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ನೆನೆಸಿಡಬೇಡಿ.

ಅಗ್ಗದ ಉಪಾಯಗಳ ಬಗ್ಗೆಯೂ ಕೇಳುತ್ತೀರಿ. ಮಣ್ಣಿಗೆ ನೇರವಾಗಿ ಚುಚ್ಚುವ ಎರಡು ಕಡ್ಡಿಯ ಮೀಟರನ್ನು ನಂಬಬೇಡಿ; ಮಣ್ಣಿನ ತೇವ ಬದಲಾದರೆ ಅದರ ಮುಳ್ಳೂ ಬದಲಾಗುತ್ತದೆ. ಲಿಟ್ಮಸ್ ಕಾಗದ ಹುಳಿಯೋ ಕ್ಷಾರವೋ ಎಂದಷ್ಟೇ ಹೇಳುತ್ತದೆ, ಎಷ್ಟು ಎಂದು ಹೇಳುವುದಿಲ್ಲ. ಬಿಸಿನೀರಿನಲ್ಲಿ ನೆನೆಸಿದ ಕೆಂಪು ದಾಸವಾಳದ ರಸ ಹುಳಿಯಲ್ಲಿ ಕೆಂಪಾಗಿ, ಕ್ಷಾರದಲ್ಲಿ ಹಸಿರಾಗುವುದು ನಿಜ, ಮಕ್ಕಳಿಗೆ ತೋರಿಸಲು ಚೆಂದ. ಆದರೆ ನಮಗೆ ಬೇಕಾದ 5.3 ಮತ್ತು 6.2ರ ಅಂತರ ಅದರಲ್ಲಿ ಕಾಣದು. ಅರಿಸಿನವಂತೂ ಆರತಿಯ ನೀರಿನಲ್ಲಿ ಸುಣ್ಣ ಸೋಕಿದಾಗ ಕೆಂಪಾಗುವಂತೆ ಕ್ಷಾರಕ್ಕೆ ಮಾತ್ರ ಬಣ್ಣ ಬದಲಿಸುತ್ತದೆ. ಹುಳಿ ಮಣ್ಣಿನ ಮುಂದೆ ಅದು ಮೂಕ. ಜಾಗದಲ್ಲಿ ನೆಕ್ಕರಿಕೆ, ಜರಿಗಿಡ ದಟ್ಟವಾಗಿ ಬೆಳೆದಿದ್ದರೆ ಮಣ್ಣು ಹುಳಿ ಎಂಬ ಸುಳಿವು ಸಿಕ್ಕಿದಂತೆ. ಸುಳಿವು ಮಾತ್ರ.

ಹಂತ 3: ಅಂಕಿಯನ್ನು ಓದುವುದು

6.0ಕ್ಕಿಂತ ಮೇಲಿದ್ದರೆ ಸುಣ್ಣದ ಮಾತು ಬಿಡಿ, ಕಾಂಪೋಸ್ಟ್ ಕಡೆ ಗಮನ ಕೊಡಿ. 5.5ರಿಂದ 6.0ರ ನಡುವೆ ಇದ್ದರೆ ಒಲೆಬೂದಿ ಅಥವಾ ಹಂತ 5ರ ಲೆಕ್ಕದ ಅರ್ಧದಷ್ಟು ಸುಣ್ಣ ಸಾಕು. 5.5ಕ್ಕಿಂತ ಕೆಳಗಿದ್ದರೆ ಸುಣ್ಣ ಬೇಕೇಬೇಕು. 5.0ಕ್ಕಿಂತಲೂ ಇಳಿದಿದ್ದರೆ ಮನೆಯ ಲೆಕ್ಕಕ್ಕೆ ನಿಲ್ಲದೆ ಲ್ಯಾಬಿನಲ್ಲಿ ಸುಣ್ಣದ ಅಗತ್ಯ ಅಳೆಸಿ. ಜೊತೆಗೆ ಕಾಂಪೋಸ್ಟನ್ನು ಧಾರಾಳ ಹಾಕಿ. ಕೊಳೆತ ಸಾವಯವ ಅಂಶ ಕರಗಿದ ಅಲ್ಯೂಮಿನಿಯಂ ಅನ್ನು ಕಟ್ಟಿಹಾಕುವುದರಿಂದ, ರಸಸಾರ ಏರುವ ಮೊದಲೇ ಬೇರಿಗೆ ಸ್ವಲ್ಪ ಉಸಿರು ಸಿಗುತ್ತದೆ.

7ಕ್ಕೆ ಮುಟ್ಟಿಸುವ ಆಸೆ ಬೇಡ. ಈ ಮಣ್ಣಿನಲ್ಲಿ 6.2 ತಲುಪಿದರೆ ಕುಂಬಳಕ್ಕೆ ಸಾಕು.

ಹಂತ 4: ಯಾವ ಸುಣ್ಣ?

ಅಂಗಡಿಯಲ್ಲಿ ಸುಣ್ಣ ಎಂಬ ಒಂದೇ ಹೆಸರಿನಲ್ಲಿ ನಾಲ್ಕು ಬೇರೆ ಬೇರೆ ವಸ್ತುಗಳು ಸಿಗುತ್ತವೆ.

ಕೃಷಿ ಸುಣ್ಣ ಎಂದರೆ ಸುಣ್ಣದ ಕಲ್ಲನ್ನು ಸುಡದೆ ನುಣ್ಣಗೆ ಬೀಸಿದ ಪುಡಿ, ಕ್ಯಾಲ್ಸಿಯಂ ಕಾರ್ಬೊನೇಟ್. ನಿಧಾನ, ಆದರೆ ಕೈ ತಪ್ಪಿದರೂ ಗಿಡ ಸುಡುವುದಿಲ್ಲ. ಡಾಲಮೈಟ್‌ನಲ್ಲಿ ಕ್ಯಾಲ್ಸಿಯಂ ಜೊತೆ ಮೆಗ್ನೀಸಿಯಂ ಕೂಡ ಇದೆ. ಮಳೆಯಲ್ಲಿ ಎರಡೂ ತೊಳೆದುಹೋಗುವ ನಮ್ಮ ಕಡೆಗೆ ನಾನು ಮೊದಲು ಹೇಳುವುದು ಇದನ್ನೇ. ಹಳೆಯ ಎಲೆಗಳಲ್ಲಿ ನರ ಹಸಿರಾಗಿದ್ದು ನಡುವೆ ಹಳದಿಯಾಗುತ್ತಿದ್ದರೆ ಮೆಗ್ನೀಸಿಯಂ ಕೊರತೆ ಇರುವ ಸಾಧ್ಯತೆ ಹೆಚ್ಚು, ಆಗ ಡಾಲಮೈಟ್ ತಪ್ಪಿಸಬೇಡಿ. ಸುಟ್ಟ ಸುಣ್ಣ ಮತ್ತು ಅದಕ್ಕೆ ನೀರು ಹಾಕಿ ಅರಳಿಸಿದ ಸುಣ್ಣ, ಕರಾವಳಿಯ ಚಿಪ್ಪಿನ ಸುಣ್ಣವೂ ಇದರಲ್ಲೇ ಬಂತು, ಚುರುಕಾಗಿ ಕೆಲಸ ಮಾಡುತ್ತವೆ, ಹಾಗೆಯೇ ಚುರುಕಾಗಿ ಬೇರನ್ನೂ ಸುಡುತ್ತವೆ.

ಬಲದಲ್ಲಿ ಇವು ಸಮನಲ್ಲ. ಶುದ್ಧ ಕೃಷಿ ಸುಣ್ಣ 1 ಕಿಲೋ ಮಾಡುವ ಕೆಲಸಕ್ಕೆ ಡಾಲಮೈಟ್ 920 ಗ್ರಾಂ, ಅರಳಿದ ಸುಣ್ಣ 740 ಗ್ರಾಂ, ಸುಟ್ಟ ಸುಣ್ಣ 560 ಗ್ರಾಂ ಸಾಕು. ತೆರೆದಿಟ್ಟ ಹಳೆಯ ಅರಳಿದ ಸುಣ್ಣ ಗಾಳಿಯ ಜೊತೆ ಸೇರಿ ನಿಧಾನಕ್ಕೆ ಕಾರ್ಬೊನೇಟ್ ಆಗಿಬಿಡುತ್ತದೆ. ಅದನ್ನು ಕೃಷಿ ಸುಣ್ಣದ ಲೆಕ್ಕದಲ್ಲೇ ಹಾಕಿ. ಗೋಡೆಗೆ ಬಳಿಯಲೆಂದು ನೀಲಿ, ಅಂಟು ಬೆರೆಸಿದ ಪುಡಿ ಬೇಡ.

ಜಿಪ್ಸಂ ಸುಣ್ಣವಲ್ಲ. ಕ್ಯಾಲ್ಸಿಯಂ ಕೊಡುತ್ತದೆ ನಿಜ, ಆದರೆ ರಸಸಾರವನ್ನು ಏರಿಸುವುದಿಲ್ಲ. ಮೊಟ್ಟೆಯ ಸಿಪ್ಪೆ ಕೃಷಿ ಸುಣ್ಣವೇ, ಆದರೆ ಕೈಯಲ್ಲಿ ಮುರಿದು ಹಾಕಿದ ಚೂರು ಮುಂದಿನ ವರ್ಷ ಅಗೆದಾಗ ಹಾಗೆಯೇ ಸಿಗುತ್ತದೆ. ಮಿಕ್ಸಿಯಲ್ಲಿ ಹಿಟ್ಟು ಮಾಡಿದರೆ ಮಾತ್ರ ಲೆಕ್ಕಕ್ಕೆ.

ಒಲೆಬೂದಿಯ ಬಲ ಮರದಿಂದ ಮರಕ್ಕೆ ಬೇರೆ. ಕೃಷಿ ಸುಣ್ಣದ ಜಾಗದಲ್ಲಿ ಬಳಸುವುದಾದರೆ ಎರಡರಿಂದ ಮೂರು ಪಟ್ಟು ತೂಕ ಬೇಕು. ಜೊತೆಗೆ ಪೊಟ್ಯಾಷ್ ಸಿಗುತ್ತದೆ, ಕಾಯಿ ಬಲಿಯಲು ಅದು ಒಳ್ಳೆಯದೇ. ಮಳೆಯಲ್ಲಿ ನೆನೆದ ಬೂದಿಯಲ್ಲಿ ಪೊಟ್ಯಾಷ್ ಉಳಿದಿರುವುದಿಲ್ಲ. ಪ್ಲಾಸ್ಟಿಕ್, ಬಣ್ಣ ಬಳಿದ ಮರ, ಕಲ್ಲಿದ್ದಲು ಸುಟ್ಟ ಬೂದಿಯನ್ನು ತರಕಾರಿಯ ಮಣ್ಣಿಗೆ ತರಲೇಬೇಡಿ. ಕೆಂಪು ದುಂಬಿ ಬಂದಾಗ ಎಲೆಯ ಮೇಲೆ ಬೂದಿ ಉದುರಿಸುವ ಹಳೆಯ ರೂಢಿಯಿಂದ ಮಣ್ಣಿನ ಹುಳಿ ಕಡಿಮೆಯಾಗುವಷ್ಟು ಬೂದಿ ನೆಲಕ್ಕೆ ಬೀಳುವುದಿಲ್ಲ, ಎರಡನ್ನೂ ಒಂದೇ ಲೆಕ್ಕಕ್ಕೆ ಸೇರಿಸಬೇಡಿ.

ಚೀಲ ಕೊಳ್ಳುವ ಮುನ್ನ ಎರಡು ನೋಡಿ. ಮೊದಲನೆಯದು ನುಣುಪು: ಬೆರಳಲ್ಲಿ ತಿಕ್ಕಿದರೆ ಮೈದಾ ಹಿಟ್ಟಿನಂತಿರಬೇಕು. ರವೆಯಂತೆ ತರಿತರಿಯಾಗಿದ್ದರೆ ವರ್ಷಗಟ್ಟಲೆ ಕರಗದು. ಎರಡನೆಯದು ಶುದ್ಧತೆ. ಚೀಲದ ಮೇಲೆ ತಟಸ್ಥೀಕರಣ ಸಾಮರ್ಥ್ಯ, ಅಂದರೆ ಶುದ್ಧ ಕೃಷಿ ಸುಣ್ಣವನ್ನು 100 ಎಂದಿಟ್ಟುಕೊಂಡರೆ ಇದರ ಬಲವೆಷ್ಟು ಎಂಬ ಅಂಕಿ, ಬರೆದಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಮನೆಯಲ್ಲೇ ಅಂದಾಜು ಮಾಡಬಹುದು: ಪುಡಿ 5 ಗ್ರಾಂ, ಅಂಗಡಿಯ ವಿನೆಗರ್ 200 ಮಿ.ಲೀ. ದೊಡ್ಡ ಲೋಟದಲ್ಲಿ ಸ್ವಲ್ಪಸ್ವಲ್ಪವೇ ಸೇರಿಸಿ, ನೊರೆ ನಿಂತ ಮೇಲೆ ರಾತ್ರಿಯಿಡೀ ಬಿಡಿ. ತಳದಲ್ಲಿ ಉಳಿದದ್ದನ್ನು ಸೋಸಿ ಒಣಗಿಸಿ ತೂಗಿ. 1 ಗ್ರಾಂ ಉಳಿದರೆ ಐದನೇ ಒಂದು ಪಾಲು ಬರೀ ಮಣ್ಣು, ಅಂದರೆ ಬಲ ಸುಮಾರು 80. ಡಾಲಮೈಟ್ ವಿನೆಗರಿಗೆ ಬೇಗ ಕರಗುವುದಿಲ್ಲವಾದ್ದರಿಂದ ಅದಕ್ಕೆ ಈ ಪರೀಕ್ಷೆ ಹೊಂದದು.

ಹಂತ 5: ಎಷ್ಟು?

ಮೊದಲು ಮಣ್ಣಿನ ಜಾತಿ. ಒಂದು ಹಿಡಿ ಮಣ್ಣನ್ನು ನೀರು ಚಿಮುಕಿಸಿ ಚಪಾತಿ ಹಿಟ್ಟಿನ ಹದಕ್ಕೆ ನಾದಿ, ಅಂಗೈಗಳ ನಡುವೆ ಬತ್ತಿಯಂತೆ ಹೊಸೆಯಿರಿ. ಬತ್ತಿಯೇ ಆಗದಿದ್ದರೆ ಮರಳು ಮಣ್ಣು, ಕರಾವಳಿಯವರ ಹೊಯಿಗೆ. ಬತ್ತಿಯಾಗಿ, ಬಗ್ಗಿಸಿದರೆ ಮುರಿದರೆ ಗೋಡು ಮಣ್ಣು. ಬಗ್ಗಿಸಿ ಬಳೆ ಮಾಡಿದರೂ ಬಿರಿಯದಿದ್ದರೆ ಜೇಡಿ.

ಮೇಲಿನ 15 ಸೆಂ.ಮೀ. ಮಣ್ಣಿನ ರಸಸಾರವನ್ನು ಒಂದು ಅಂಕಿ, ಅಂದರೆ ಸುಮಾರು 5.2ರಿಂದ 6.2ಕ್ಕೆ, ಏರಿಸಲು ಚದರ ಮೀಟರಿಗೆ ಶುದ್ಧ ಕೃಷಿ ಸುಣ್ಣ ಅಂದಾಜು ಇಷ್ಟು ಬೇಕು: ಮರಳಿಗೆ 200–250 ಗ್ರಾಂ, ಗೋಡಿಗೆ 350–400 ಗ್ರಾಂ, ಜೇಡಿಗೆ 500 ಗ್ರಾಂ. ಕಾಡಿನ ಅಂಚಿನ, ದರಗು ಕೊಳೆತು ಕಪ್ಪಾದ ಮಣ್ಣಿಗೆ ಇನ್ನೂ ಹೆಚ್ಚು ಬೇಕಾಗುತ್ತದೆ. ಒಂದೇ ರಸಸಾರ ತೋರಿಸುವ ಎರಡು ಮಣ್ಣಿಗೆ ಎರಡು ಪಟ್ಟು ವ್ಯತ್ಯಾಸ ಬರುವುದು ಹೀಗೆ. ಜೇಡಿ ಮತ್ತು ಸಾವಯವ ಅಂಶಗಳು ಹುಳಿಯನ್ನು ಒಳಗೆ ಅಡಗಿಸಿಟ್ಟುಕೊಂಡಿರುತ್ತವೆ, ಮೀಟರಿಗೆ ಕಾಣುವುದು ನೀರಿನಲ್ಲಿ ತೇಲುವ ಹುಳಿ ಮಾತ್ರ.

ಒಂದು ಗುಂಟೆ ಜಾಗದ ಲೆಕ್ಕ ಮಾಡೋಣ. ಗುಂಟೆ ಎಂದರೆ 101 ಚದರ ಮೀಟರ್. ಗೋಡು ಮಣ್ಣು, 350 ಗ್ರಾಂನಂತೆ 35 ಕಿಲೋ. ಆದರೆ ಜಂಬಿಟ್ಟಿಗೆ ಮಣ್ಣಿನಲ್ಲಿ ಕಲ್ಲು ಬಹಳ; ಜರಡಿಯ ಮೇಲೆ ಮೂರನೇ ಒಂದು ಪಾಲು ಜಲ್ಲಿ ಉಳಿದಿದ್ದರೆ ಆ ಕಲ್ಲಿಗೆ ಸುಣ್ಣ ಬೇಕಿಲ್ಲ. ಅದನ್ನು ಕಳೆದರೆ ಸುಮಾರು 23 ಕಿಲೋ. ತಂದ ಸುಣ್ಣದ ಬಲ 80 ಮಾತ್ರ ಎಂದಾದರೆ 23ನ್ನು 0.8ರಿಂದ ಭಾಗಿಸಿ, 29 ಕಿಲೋ.

ಒಂದೇ ಬಾರಿಗೆ ಚದರ ಮೀಟರಿಗೆ 250 ಗ್ರಾಂ, ಅಂದರೆ ಗುಂಟೆಗೆ 25 ಕಿಲೋ ಅಥವಾ ಎಕರೆಗೆ ಒಂದು ಟನ್ ದಾಟಬೇಡಿ. ಉಳಿದದ್ದನ್ನು ಆರು ತಿಂಗಳ ನಂತರ, ಮತ್ತೆ ಅಳೆದು ನೋಡಿ ಕೊಡಿ. ಕಡಿಮೆ ಹಾಕಿದ್ದನ್ನು ಆಮೇಲೆ ತುಂಬಿಸಬಹುದು. ಹೆಚ್ಚಾದದ್ದನ್ನು ಹೆಕ್ಕಿ ತೆಗೆಯಲಾಗದು. ಮಿತಿಮೀರಿ ಸುಣ್ಣ ಬಿದ್ದ ಮಣ್ಣಿನಲ್ಲಿ ಸತು, ಬೋರಾನ್, ಮ್ಯಾಂಗನೀಸ್, ಕಬ್ಬಿಣ ಗಿಡಕ್ಕೆ ಸಿಗದೆ ಎಳೆಯ ಎಲೆಗಳು ಹಳದಿಯಾಗಿ ಕುಡಿ ಕುಗ್ಗುತ್ತದೆ.

ಹಂತ 6: ಯಾವಾಗ, ಹೇಗೆ?

ಸುಣ್ಣಕ್ಕೆ ತೇವ ಬೇಕು, ಸಮಯವೂ ಬೇಕು. ಬಿತ್ತುವ ನಾಲ್ಕರಿಂದ ಎಂಟು ವಾರ ಮುಂಚೆ ಹಾಕಿ. ಅರ್ಕಾ ಚಂದನ್‌ನಂಥ ತಳಿ ನಾಲ್ಕು ತಿಂಗಳಲ್ಲಿ ಮುಗಿಯುತ್ತದೆ. ಬಿತ್ತುವ ದಿನ ಹಾಕಿದ ಕೃಷಿ ಸುಣ್ಣ ಕೆಲಸಕ್ಕಿಳಿಯುವಷ್ಟರಲ್ಲಿ ಅರ್ಧ ಬೆಳೆ ಹೋಗಿರುತ್ತದೆ. ಜೂನ್ ಬಿತ್ತನೆಗೆ ಏಪ್ರಿಲ್ ಕೊನೆಯ ಅಡ್ಡಮಳೆ ನೋಡಿಕೊಂಡು, ನವೆಂಬರಿನ ಬಿತ್ತನೆಗೆ ಸೆಪ್ಟೆಂಬರ್ ಕೊನೆಯಲ್ಲಿ. ಗದ್ದೆಯವರಿಗೆ ಇಷ್ಟು ಬಿಡುವು ಸಿಗುವುದಿಲ್ಲ. ಅವರು ಕೊಯ್ಲಾದ ಕೂಡಲೇ ಚೆನ್ನಾಗಿ ನುಣುಪಾದ ಪುಡಿಯನ್ನು ಉತ್ತು ಸೇರಿಸಿ, ಬಿತ್ತನೆಯನ್ನು ಮೂರು ವಾರವಾದರೂ ಮುಂದೂಡುವುದೇ ದಾರಿ. ಜುಲೈನ ಜಡಿಮಳೆಯಲ್ಲಿ ಹಾಕಿದರೆ ಪುಡಿ ತೋಡಿಗೆ ಹೋಗುತ್ತದೆ. ಮಾರ್ಚಿನ ಒಣ ಮಣ್ಣಿನಲ್ಲಿ ಹಾಕಿದರೆ ಪುಡಿ ಪುಡಿಯಾಗಿಯೇ ಕೂತಿರುತ್ತದೆ.

ಬೆಳಗ್ಗೆ ಗಾಳಿಯಿಲ್ಲದಾಗ, ಮುಖಕ್ಕೆ ಬಟ್ಟೆ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಎರಚಿ. ಸುಟ್ಟ ಸುಣ್ಣ, ಅರಳಿದ ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ. ತಕ್ಷಣ ಧಾರಾಳ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ವೈದ್ಯರ ಬಳಿ ಹೋಗಬೇಕು. ಅಳೆದ ಪುಡಿಯಲ್ಲಿ ಅರ್ಧವನ್ನು ಉದ್ದಕ್ಕೆ, ಇನ್ನರ್ಧವನ್ನು ಅಡ್ಡಕ್ಕೆ ಹರಡಿದರೆ ಸಮನಾಗಿ ಬೀಳುತ್ತದೆ. ಮೇಲೆ ಬಿಟ್ಟ ಸುಣ್ಣ ಕೆಳಗೆ ಇಳಿಯುವುದು ಬಹಳ ನಿಧಾನ, ಆದ್ದರಿಂದ ಹಾರೆ, ಗುದ್ದಲಿಯಲ್ಲಿ 15 ಸೆಂ.ಮೀ. ಆಳಕ್ಕೆ ಬೆರೆಸಿ.

ಇನ್ನು ಗುಂಡಿ. ಹೆಚ್ಚಿನವರು ಸುಣ್ಣವನ್ನು ಗುಂಡಿಗೆ ಮಾತ್ರ ಹಾಕಿ ಮುಗಿಸುತ್ತಾರೆ. ಬಳ್ಳಿ ಚುರುಕಾಗಿ ಏಳುತ್ತದೆ, ಮೂರು ವಾರದ ನಂತರ ನಿಂತುಬಿಡುತ್ತದೆ. ಕುಂಬಳದ ಬೇರು ಬುಡದಿಂದ ಒಂದು ಮೀಟರಿಗೂ ಆಚೆ ಪಕ್ಕಕ್ಕೆ ಹರಡುತ್ತದೆ, ಬಳ್ಳಿಯ ಗಿಣ್ಣುಗಳೂ ನೆಲಕ್ಕೆ ತಾಗಿದಲ್ಲಿ ಬೇರು ಬಿಡುತ್ತವೆ. ಗುಂಡಿಯ ಗೋಡೆ ದಾಟಿದ ಕೂಡಲೇ ಹಳೆಯ ಹುಳಿ ಮಣ್ಣು ಎದುರಾಗುವುದರಿಂದ ಆ ಬಳ್ಳಿ ಹೂಕುಂಡದಲ್ಲಿ ಇದ್ದಂತೆಯೇ ಸರಿ.

60 ಸೆಂ.ಮೀ. ಉದ್ದಗಲ, 45 ಸೆಂ.ಮೀ. ಆಳದ ಗುಂಡಿಯ ಮಣ್ಣಿಗೆ 270 ಗ್ರಾಂ ಕೃಷಿ ಸುಣ್ಣ ಬೆರೆಸಿ. ಗುಂಡಿಯ ಸುತ್ತ ಒಂದು ಮೀಟರ್ ತ್ರಿಜ್ಯದ ವೃತ್ತ ಎಳೆದು ಅಷ್ಟು ಜಾಗಕ್ಕೆ ಇನ್ನೂ 700 ಗ್ರಾಂ ಹರಡಿ ಕೊಚ್ಚಿ ಸೇರಿಸಿ. ಇದು ಚದರ ಮೀಟರಿಗೆ 250 ಗ್ರಾಂ ಲೆಕ್ಕ. ಜಲ್ಲಿಯ ಪಾಲನ್ನು ಇಲ್ಲೂ ಕಳೆಯಿರಿ. ಗುಂಡಿಗಳ ಅಂತರ ಎರಡೂವರೆ ಮೀಟರ್ ಮಾತ್ರ ಇದ್ದರೆ ವೃತ್ತ ಎಳೆಯುವ ಬದಲು ಇಡೀ ತಾಕಿಗೆ ಹರಡುವುದೇ ಸುಲಭ. ಅಗೆಯುವಾಗ ತಳದಲ್ಲಿ ಸಿಗುವ ಗಾಢ ಕೆಂಪು ಮಣ್ಣನ್ನು ಬೇರೆ ಹಾಕಿ, ಮತ್ತೆ ತುಂಬಲು ಮೇಲ್ಮಣ್ಣನ್ನೇ ಬಳಸಿ.

ಸುಣ್ಣ ಬೆರೆಸಿ, ತೇವ ಮಾಡಿ, ಮೂರು ವಾರ ಬಿಡಿ. ಅನಂತರ ಗುಂಡಿಗೆ 10 ಕಿಲೋ ಕೊಳೆತ ಕೊಟ್ಟಿಗೆ ಗೊಬ್ಬರ ಬೆರೆಸಿ, ಒಂದು ವಾರ ಕಾದು, ನಾಲ್ಕೈದು ಬೀಜ ಊರಿ, ಎರಡು ಗಟ್ಟಿ ಸಸಿ ಉಳಿಸಿಕೊಳ್ಳಿ. ಈ ಮೂರು ವಾರದ ಅಂತರವನ್ನು ನುಂಗಬೇಡಿ. ಸುಣ್ಣವನ್ನು, ಅದರಲ್ಲೂ ಸುಟ್ಟ ಅಥವಾ ಅರಳಿದ ಸುಣ್ಣವನ್ನು, ಹಸಿ ಗೊಬ್ಬರ, ಕೋಳಿ ಗೊಬ್ಬರ, ಯೂರಿಯಾ, ಡಿಎಪಿ ಜೊತೆ ಒಟ್ಟಿಗೆ ಕಲಸಿದರೆ ಮೂಗಿಗೆ ಬಡಿಯುವ ವಾಸನೆ ಏಳುತ್ತದೆ. ಅದು ಅಮೋನಿಯ: ನೀವು ದುಡ್ಡು ಕೊಟ್ಟು ತಂದ ಸಾರಜನಕ ಗಾಳಿಗೆ ಹೋಗುತ್ತಿರುವ ವಾಸನೆ. ಶಿಲಾರಂಜಕವನ್ನೂ, ಅಂದರೆ ರಾಕ್ ಫಾಸ್ಫೇಟನ್ನೂ, ಸುಣ್ಣದ ಗುಂಡಿಗೇ ಹಾಕುವವರಿದ್ದಾರೆ. ಶಿಲಾರಂಜಕ ಕರಗಲು ಮಣ್ಣಿನ ಹುಳಿಯೇ ಬೇಕು, ಸುಣ್ಣ ಆ ಹುಳಿಯನ್ನೇ ಮುಗಿಸುತ್ತದೆ. ಸುಣ್ಣ ಹಾಕಿದ ಜಾಗಕ್ಕೆ ಸೂಪರ್ ಫಾಸ್ಫೇಟ್ ಸರಿ, ಅದೂ ಮೂರು ವಾರ ಬಿಟ್ಟು.

ಪಕ್ಕದಲ್ಲಿ ಅನಾನಸ್ ಇದ್ದರೆ ಅದರ ಬುಡಕ್ಕೆ ಸುಣ್ಣ ಹಾರದಂತೆ ನೋಡಿಕೊಳ್ಳಿ. ಅದಕ್ಕೆ ಹುಳಿ ಮಣ್ಣೇ ಇಷ್ಟ.

ಬಳ್ಳಿ ಈಗಾಗಲೇ ಹಬ್ಬಿದ್ದರೆ

ತಡವಾಗಿ ಅಳೆದು 5.2 ಕಂಡವರಿಗೆ ದಾರಿ ಸಣ್ಣದು. ಬುಡದಿಂದ 30 ಸೆಂ.ಮೀ. ಬಿಟ್ಟು ಸುತ್ತ ಚದರ ಮೀಟರಿಗೆ 50ರಿಂದ 100 ಗ್ರಾಂ ನುಣುಪಾದ ಡಾಲಮೈಟ್ ಉದುರಿಸಿ, ಬೇರು ಕೀಳದಂತೆ ಮೇಲ್ಮೇಲೆ ಕೆದಕಿ ನೀರು ಹಾಕಿ. ಸುಣ್ಣದ ತಿಳಿನೀರು ಹಾಕಬಹುದೇ ಎಂದು ಕೇಳುತ್ತೀರಿ. ಹಾಕಬಹುದು, ಆದರೆ ಒಂದು ಲೀಟರ್ ನೀರಿನಲ್ಲಿ ಕರಗುವುದು ಒಂದೂವರೆ ಗ್ರಾಂ ಚಿಲ್ಲರೆ ಸುಣ್ಣ ಮಾತ್ರ. ಹತ್ತು ಲೀಟರ್ ಬಕೆಟ್ ಸುರಿದರೂ ಮಣ್ಣಿಗೆ ಸೇರಿದ್ದು ಸುಮಾರು 16 ಗ್ರಾಂ. ತಿಳಿನೀರು ತೀಕ್ಷ್ಣ ಕ್ಷಾರವಾದ್ದರಿಂದ ಎಲೆ, ಕಾಂಡಕ್ಕೆ ತಾಗಿಸಬೇಡಿ.

ಕಾಯಿಯ ತುದಿ ಕಪ್ಪಾಗಿ ಕುಗ್ಗುತ್ತಿದ್ದರೆ ಕ್ಯಾಲ್ಸಿಯಂ ಕಾಯಿಗೆ ತಲುಪುತ್ತಿಲ್ಲ ಎಂದರ್ಥ. ಆದರೆ ಮಣ್ಣಿನಲ್ಲಿ ಕ್ಯಾಲ್ಸಿಯಂ ಇದ್ದೂ ನೀರು ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಆದರೂ ಹೀಗಾಗುತ್ತದೆ. ರಸಸಾರ 6ರ ಮೇಲಿದ್ದೂ ತುದಿ ಕೊಳೆತರೆ ನೀರಿನ ಕ್ರಮ ಸರಿಪಡಿಸಿ, ಬುಡಕ್ಕೆ ದರಗು ಮುಚ್ಚಿ.

ಬಯಲುಸೀಮೆ ಮತ್ತು ಊರೊಳಗಿನ ತೋಟ

ವಿಜಯಪುರ, ಕಲಬುರಗಿಯ ಕಪ್ಪು ಮಣ್ಣು ಸಾಮಾನ್ಯವಾಗಿ 8ರ ಆಸುಪಾಸು. ಅಲ್ಲಿ ಈ ಲೇಖನದ ಸುಣ್ಣ ವಿಷವಾದೀತು. ಒಣ ಮಣ್ಣಿನ ಮೇಲೆ ವಿನೆಗರ್ ಬಿಟ್ಟಾಗ ನೊರೆ ಬಂದರೆ ಮಣ್ಣಿನಲ್ಲೇ ಸುಣ್ಣವಿದೆ. ಅದನ್ನು ಗಂಧಕ ಹಾಕಿ ಇಳಿಸಲು ಹೋಗುವುದು ತೂತು ಕೊಡಕ್ಕೆ ನೀರು ತುಂಬಿದಂತೆ. ದೊಡ್ಡ ಗುಂಡಿ, ಅರ್ಧಕ್ಕೆ ಕಾಂಪೋಸ್ಟ್, ಎಲೆ ಹಳದಿಯಾದರೆ ಸತು ಮತ್ತು ಕಬ್ಬಿಣದ ಸಿಂಪಡಣೆ, ಇಷ್ಟರಲ್ಲೇ ಅಲ್ಲಿ ಕುಂಬಳ ಬೆಳೆಯುತ್ತದೆ.

ಬೆಂಗಳೂರಿನಂಥ ಕಡೆ ಹೊಸ ಮನೆಯ ಹಿತ್ತಿಲಿನಲ್ಲಿ ಬೆಳೆಯುವವರು ಅಳೆಯದೆ ಸುಣ್ಣ ಮುಟ್ಟಲೇಬಾರದು. ಗಾರೆ, ಸಿಮೆಂಟಿನ ಚೂರು ಬಿದ್ದ ಮಣ್ಣು ಕೆಂಪಾಗಿ ಕಂಡರೂ ಕ್ಷಾರಕ್ಕೆ ತಿರುಗಿರಬಹುದು.

ಮುಂದಿನ ವರ್ಷಗಳಿಗೆ

ಸುಣ್ಣ ಹಾಕಿದ ಎರಡೂವರೆ, ಮೂರು ತಿಂಗಳಿಗೆ ಒಮ್ಮೆ ಅಳೆದು, ಮೊದಲ ಅಂಕಿಯ ಪಕ್ಕದಲ್ಲೇ ಬರೆದಿಡಿ. ಏರಿಕೆ ನಿಮ್ಮ ಲೆಕ್ಕದ ಅರ್ಧವಷ್ಟೇ ಆಗಿದ್ದರೆ ಪುಡಿ ದಪ್ಪವಾಗಿತ್ತೋ, ಮಣ್ಣು ನೀವು ಎಣಿಸಿದ್ದಕ್ಕಿಂತ ಜೇಡಿಯೋ ಎಂದು ನೋಡಿ. ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಸಾಕು, ಮತ್ತು ಪ್ರತಿ ಸಲವೂ ವರ್ಷದ ಒಂದೇ ತಿಂಗಳಲ್ಲಿ ಮಾಡಿ. ಬೇಸಿಗೆಯ ಅಂಕಿಗೂ ಮಳೆಗಾಲದ ಅಂಕಿಗೂ ತಾಳೆಯಾಗುವುದಿಲ್ಲ.

ಯೂರಿಯಾ ಬಳಸುವವರು ಅದರ ಸುಣ್ಣದ ಸಾಲವನ್ನೂ ಬರೆದುಕೊಳ್ಳಿ. 1 ಕಿಲೋ ಯೂರಿಯಾ ಮಣ್ಣಿನಲ್ಲಿ ಬಿಟ್ಟುಹೋಗುವ ಹುಳಿಯನ್ನು ಅಳಿಸಲು ಸುಮಾರು 800 ಗ್ರಾಂ ಕೃಷಿ ಸುಣ್ಣ ಬೇಕು. 1 ಕಿಲೋ ಅಮೋನಿಯಂ ಸಲ್ಫೇಟಿಗೆ 1 ಕಿಲೋ 100 ಗ್ರಾಂ. ವರ್ಷಕ್ಕೆ ಗುಂಟೆಗೆ 2 ಕಿಲೋ ಯೂರಿಯಾ ಹಾಕುವ ತೋಟದಲ್ಲಿ ಬರೀ ಅದರ ಲೆಕ್ಕಕ್ಕೇ ಮೂರು ವರ್ಷಕ್ಕೆ 5 ಕಿಲೋ ಸುಣ್ಣ ಹೋಗುತ್ತದೆ, ಮಳೆ ತೊಳೆದದ್ದು ಬೇರೆ.